ಪರರ ಜ್ವರ, ನಮ್ಮ ಲಾಭ

ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘವಾದ ಪತ್ರ ಬರೆದಿದ್ದರು. ಮನೆಯವರ ಕ್ಷೇಮಸಮಾಚಾರ, ಮಕ್ಕಳ ವಿದ್ಯಾಭ್ಯಾಸ, ಪ್ರಸಾದನಿಲಯದ ದಿನಗಳ ನೆನಪು, ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ಬುದ್ಧಿ, ಇಂದಲ್ಲ ನಾಳೆ ಮತ್ತೊಂದು ಸಾಂಕ್ರಾಮಿಕ ರೋಗ ಬಂದೇ ಬರುತ್ತದೆಂದು ತಿಳಿದವರು ಹೇಳುತ್ತಿದ್ದಾರೆ. ಬಂದಾಗ ಲಸಿಕೆ, ಔಷಧ, ಪರೀಕ್ಷೆಯ ಸಾಮಗ್ರಿ ಇವನ್ನು ತಯಾರಿಸುವ ಕಂಪನಿಗಳಿಗೆ ಲಾಭವಾಗುವುದು ಸಹಜ. ಅಂಥ ಕಂಪನಿಗಳ ಷೇರುಗಳನ್ನು ಈಗಲೇ ಕೊಂಡಿಡುವಂತೆ ಗೆಳೆಯರು ಹೇಳುತ್ತಾರೆ. ಇದು ಧರ್ಮಕ್ಕೆ ಒಪ್ಪುವ ಗಳಿಕೆಯೇ? ತಾವು ಅಪ್ಪಣೆ ಕೊಡಿಸಬೇಕು."

ಪ್ರಶ್ನೆ ಪ್ರಾಮಾಣಿಕವಾದುದು. ಪೀಠದ ಮೇಲೆ ಕುಳಿತವರಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟವೂ ಅಲ್ಲ. 'ಪರರ ಸಂಕಟದಿಂದ ಬರುವ ಹಣ ವಿಷಕ್ಕೆ ಸಮಾನ, ಅದನ್ನು ಮುಟ್ಟಬಾರದು' ಎಂದು ಒಂದು ಸಾಲು ಬರೆದು ಆಶೀರ್ವಾದ ಸೂಚಿಸಿದ್ದರೆ ಅವರೂ ಸಮಾಧಾನಪಡುತ್ತಿದ್ದರು. ಆದರೆ ಹಾಗೆ ಬರೆಯಲು ನಮ್ಮ ಕೈ ಏಳಲಿಲ್ಲ. ಏಕೆಂದರೆ ಅವರು ಯಾವುದನ್ನು ಮಾಡಬಹುದೇ ಎಂದು ಕೇಳಿದ್ದಾರೋ ಅದನ್ನು ನಾವೇ ಒಮ್ಮೆ ಮಾಡಿದ್ದೇವೆ. ಆ ಸಂಗತಿಯನ್ನು ಮಠದ ಆಡಳಿತ ಸಮಿತಿಯವರನ್ನು ಬಿಟ್ಟರೆ ಭಕ್ತರಲ್ಲಿ ಹೆಚ್ಚು ಮಂದಿ ಬಲ್ಲವರಿಲ್ಲ. ಪತ್ರಕ್ಕೆ ಉತ್ತರವನ್ನು ಖಾಸಗಿಯಾಗಿ ಬರೆಯುವುದಕ್ಕಿಂತ ಈ ಪತ್ರಿಕೆಯ ಮೂಲಕ ಎಲ್ಲ ಸದ್ಭಕ್ತರ ಮುಂದೆ ಇಡುವುದೇ ಸರಿಯೆಂದು ತೋರಿತು.

2020ನೆಯ ಇಸವಿಯ ಮಾರ್ಚ್ ತಿಂಗಳನ್ನು ಯಾರೂ ಮರೆತಿರಲಾರರು. ಆ ತಿಂಗಳ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಕರೆಯಿತು. 23ರಂದು ಮುಂಬಯಿಯ ಷೇರುಪೇಟೆಯ ಸೂಚ್ಯಂಕ ಒಂದೇ ದಿನ 3,900ಕ್ಕೂ ಹೆಚ್ಚು ಅಂಶಗಳಷ್ಟು ಕುಸಿದು 26 ಸಾವಿರದ ಕೆಳಗೆ ಬಂದಿತು. ಮುಂದಿನ ದಿನಗಳಲ್ಲಿ ಅಂಗಡಿ, ಕಾರ್ಖಾನೆ, ಶಾಲೆ ಎಲ್ಲವೂ ಬಾಗಿಲು ಹಾಕಿದುವು. ವಿದ್ಯಾರ್ಥಿನಿಲಯದ ಮಕ್ಕಳನ್ನು ಅವರವರ ಊರಿಗೆ ಕಳಿಸಿದೆವು. ದವಸ ಧಾನ್ಯದ ಕಾಣಿಕೆ ನಿಂತಿತು. ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ಕ್ಕೆ ಇಳಿಸಿದ್ದರಿಂದ ಠೇವಣಿಗಳ ಮೇಲಿನ ಬಡ್ಡಿಯೂ ಇಳಿಯಿತು. ನಮ್ಮ ಹಿರಿಯ ಗುರುಗಳು ಊರೂರು ತಿರುಗಿ, ಭಕ್ತರ ಮನೆಯ ಅಂಗಳದಲ್ಲಿ ಜೋಳಿಗೆ ಹಿಡಿದು ಕೂಡಿಸಿದ ವಿದ್ಯಾರ್ಥಿನಿಲಯದ ಶಾಶ್ವತ ನಿಧಿಯ ಬಡ್ಡಿಯಿಂದಲೇ ಮಕ್ಕಳ ಊಟ ನಡೆಯಬೇಕು. ಮಕ್ಕಳು ಮರಳಿ ಬಂದಾಗ ಅವರಿಗೆ ಏನು ಹಾಕುವುದೆಂಬ ಚಿಂತೆ ನಮ್ಮನ್ನು ಹಿಡಿಯಿತು.

ಆ ಹೊತ್ತಿಗೆ ನಮ್ಮ ನಿಲಯದಲ್ಲೇ ಓದಿ ಬೆಂಗಳೂರಿನಲ್ಲಿ ಹಣಹೂಡಿಕೆಯ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಧರ್ಮಾದಾಯ ಸಂಸ್ಥೆಗಳು ಖಾಸಗಿ ಕಂಪನಿಗಳ ಷೇರುಗಳನ್ನು ನೇರವಾಗಿ ಕೊಳ್ಳುವುದಕ್ಕೆ ಆದಾಯ ತೆರಿಗೆಯ ಕಾನೂನು ಎಡೆಗೊಡುತ್ತಿರಲಿಲ್ಲ, ಆದರೆ ಮ್ಯೂಚುಯಲ್ ಫಂಡುಗಳಲ್ಲಿ ಹಣ ತೊಡಗಿಸಲು ಅಡ್ಡಿಯಿರಲಿಲ್ಲ. "ಎಲ್ಲ ಕಂಪನಿಗಳೂ ಬಿದ್ದಿವೆ ಬುದ್ಧಿ. ಆದರೆ ಔಷಧದ ಕಂಪನಿಗಳು ಏಳುತ್ತವೆ. ಅವುಗಳಲ್ಲೇ ಹಣ ಹಾಕುವ ಫಂಡುಗಳಿವೆ. ನಿಧಿಯ ಒಂದು ಭಾಗವನ್ನಾದರೂ ಅಲ್ಲಿಗೆ ಹಾಕಿಸಿ" ಎಂದ. ಸಮಿತಿಯಲ್ಲಿ ಚರ್ಚೆಯಾಯಿತು. ನಾವು ಒಪ್ಪಿದೆವು. ಹುಡುಗನ ಲೆಕ್ಕ ಸುಳ್ಳಾಗಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ನಿಫ್ಟಿಯ ಔಷಧ ಕಂಪನಿಗಳ ಸೂಚ್ಯಂಕ ಸುಮಾರು ಶೇಕಡಾ 60ರಷ್ಟು ಏರಿತ್ತು.

ಒಪ್ಪುವಾಗ ನಮ್ಮ ಮನಸ್ಸಿಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ನಮ್ಮ ಹಣ ಸಾರಾಯಿಗೆ ಹೋಗುತ್ತಿಲ್ಲ, ಜೂಜಿಗೆ ಹೋಗುತ್ತಿಲ್ಲ. ಔಷಧ ಮಾಡುವವರ ಕೈಗೆ ಹೋಗುತ್ತಿದೆ. ಹೀಗೆ ಜನರಿಗೂ ಹಿತ, ನಿಲಯದ ಮಕ್ಕಳಿಗೂ ಹಿತ ಎಂದುಕೊಂಡೆವು. ಈ ಸಮಾಧಾನದಲ್ಲಿ ಒಂದು ದೊಡ್ಡ ತಪ್ಪು ಅಡಗಿತ್ತು. ಅದು ನಮಗೆ ಗೊತ್ತಾದದ್ದು ತಡವಾಗಿ, ಅದೂ ಮತ್ತೊಬ್ಬರ ಬಾಯಿಂದ. ಅದನ್ನು ಮುಂದೆ ಹೇಳುತ್ತೇವೆ.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ರೋಗದ ಎರಡನೆಯ ಅಲೆ ಬಂದಿತು. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ರಾಜ್ಯವೊಂದರಲ್ಲೇ ಹೊಸದಾಗಿ ಸೋಂಕು ತಗುಲಿದವರ ಸಂಖ್ಯೆ ಒಂದೇ ದಿನದಲ್ಲಿ 50 ಸಾವಿರವನ್ನು ಮೀರಿತು. ಮಠದ ದಾಸೋಹದ ಮನೆಯಿಂದ ದಿನಕ್ಕೆ ಎರಡು ಸಲ ಅನ್ನದ ಪೊಟ್ಟಣಗಳು ಸುತ್ತಲಿನ ಹಳ್ಳಿಗಳಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಿದ್ದವರ ಮನೆಗಳಿಗೆ ಹೋಗುತ್ತಿದ್ದವು. ನಿಲಯದ ಅಡುಗೆಯವರ ತಮ್ಮನೇ ಆ ದಿನಗಳಲ್ಲಿ ಲಿಂಗೈಕ್ಯನಾದ. ಅಂಥ ದಿನಗಳಲ್ಲಿ ಒಂದು ಬೆಳಗ್ಗೆ ಪತ್ರಿಕೆಯನ್ನು ಕೈಗೆತ್ತಿಕೊಂಡಾಗ ನಮ್ಮ ಬೆರಳು ಮೊದಲ ಪುಟವನ್ನು ಬಿಟ್ಟು ವಾಣಿಜ್ಯದ ಪುಟವನ್ನು ತಿರುವಿತು. ಅದು ಮೊದಲ ಸಲವೇನೂ ಆಗಿರಲಿಲ್ಲ. ಹಲವು ವಾರಗಳಿಂದ ಹಾಗೆಯೇ ನಡೆದಿತ್ತು. ನಾವು ಗಮನಿಸಿರಲಿಲ್ಲ, ಅಷ್ಟೆ. ಅನಂತರ ಮೊದಲ ಪುಟಕ್ಕೆ ಬಂದೆವು. ರೋಗ ಇಳಿಮುಖವಾಗುತ್ತಿದೆಯೆಂಬ ಸುದ್ದಿ ಅಲ್ಲಿತ್ತು. ಅದನ್ನು ಓದಿದೊಡನೆ, ಹಾಗಾದರೆ ನಿಧಿ ಇನ್ನು ಏರಲಾರದೇನೋ ಎಂಬ ಯೋಚನೆ ಮನಸ್ಸಿನಲ್ಲಿ ಸುಳಿದುಹೋಯಿತು.

ಅದು ಒಂದು ಗಳಿಗೆಯೂ ನಿಲ್ಲಲಿಲ್ಲ. ಆದರೆ ಬಂದದ್ದು ನಿಜ. ಸ್ವಾಮಿಯೆನಿಸಿಕೊಂಡು, ಭಕ್ತರ ಪಾದಪೂಜೆ ಸ್ವೀಕರಿಸುವ ವ್ಯಕ್ತಿಯ ಅಂತಃಕರಣದಲ್ಲಿ ಜನರ ಜ್ವರ ಇಳಿದದ್ದಕ್ಕೆ ಸಣ್ಣದೊಂದು ವ್ಯಸನ ಹುಟ್ಟಿತು. ಅಂದು ಸಂಜೆ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಅಂಗೈಗೆ ತಂದುಕೊಂಡಾಗ, ಆ ಪುಟವನ್ನು ತಿರುವಿದ್ದೂ ಇದೇ ಕೈಯೆಂಬುದು ನೆನಪಾಗಿ ದೃಷ್ಟಿ ನಿಲ್ಲದಾಯಿತು. ವಾರದೊಳಗೆ ಸಮಿತಿಯನ್ನು ಕರೆದು ಆ ಹಣವನ್ನು ವಾಪಸು ತೆಗೆಸಿದೆವು. ಮೂಲಹಣ ಬ್ಯಾಂಕಿಗೆ ಮರಳಿತು. ಅದರ ಮೇಲೆ ಬಂದಿದ್ದ ಲಾಭವನ್ನು ಏನು ಮಾಡಬೇಕೆಂದು ತಿಳಿಯದೆ ಪ್ರತ್ಯೇಕ ಖಾತೆಯಲ್ಲಿ ಇಡಿಸಿದೆವು.

ಅದೇ ವರ್ಷದ ಕಾರ್ತಿಕ ಮಾಸದಲ್ಲಿ ಮಂಗಳೂರಿಗೆ ಹೋಗುವ ಸಂದರ್ಭ ಬಂದಿತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆಯ ಕಡೆಗೆ ಸಾಗುವ ದಾರಿಯಲ್ಲಿ ಮುಂಡಾಜೆ ಎಂಬ ಊರು ಸಿಗುತ್ತದೆ. ಮೃತ್ಯುಂಜಯ ಹೊಳೆಯ ಆಸರೆಯಲ್ಲಿ ಅಡಕೆ ತೋಟಗಳು ಬೆಳೆದು ನಿಂತಿರುವ, ಕಾಡು ಹಿಂದಿನಿಂದ ಬಂದು ಮುಟ್ಟುವಂತಿರುವ ಊರು. ಕರಾವಳಿಯ ಆ ಭಾಗದಲ್ಲಿ ನಮ್ಮ ಮಠದ ಭಕ್ತರ ಮನೆಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಮನೆಯ ಯಜಮಾನರು ವಿದ್ಯಾರ್ಥಿನಿಲಯದಲ್ಲಿ ನಮ್ಮ ಜೊತೆಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಹಣ ಹೂಡಲು ನಮಗೆ ಸಲಹೆ ಕೊಟ್ಟ ಹುಡುಗ ಇವರ ಮಗನೇ. ಒಂದು ರಾತ್ರಿ ಅಲ್ಲಿ ತಂಗಿದೆವು. ಮನೆಯಿಂದಲೇ ಕೆಲಸ ಮಾಡುವ ಅನುಕೂಲವಿದ್ದುದರಿಂದ ಹುಡುಗನೂ ಊರಿಗೆ ಬಂದಿದ್ದ.

ಈ ಮಿತ್ರರು ನಮ್ಮ ನಿಲಯಕ್ಕೆ ಹೇಗೆ ಬಂದರೆಂಬುದನ್ನು ಹೇಳಬೇಕು. ಅವರ ತಂದೆ ಮೂಡಿಗೆರೆಯ ಕಡೆಯಿಂದ ಘಟ್ಟ ಇಳಿದು ಕೆಲಸ ಅರಸಿಕೊಂಡು ಬಂದವರು. 1982-83ರ ಹೊತ್ತಿಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಡೆಯಲ್ಲಿ ಗೇರು ನೆಡುವುದಕ್ಕಾಗಿ ಕಾಡನ್ನು ಕಡಿಯುತ್ತಿದ್ದರು. ತಂದೆ ಅಲ್ಲಿ ಮರ ಕಡಿಯುವ ಕೂಲಿಗೆ ಸೇರಿದ್ದರು. ಮೊದಲು ಮಂಗಗಳು ಸಾಯತೊಡಗಿದವು. ಬಳಿಕ ಜನರಿಗೆ ಜ್ವರ ಬಂದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಆ ರೋಗವನ್ನು ನಮ್ಮ ಜನ ಮಂಗನ ಕಾಯಿಲೆ ಎನ್ನುತ್ತಾರೆ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆಗಳು ಕಾಡಿಗೆ ಹೋದವರನ್ನು ಕಚ್ಚಿದರೆ ರೋಗ ಹತ್ತುತ್ತದೆ. ಸೌದೆಗೆ ಹೋಗುವವರು, ದನ ಮೇಯಿಸುವವರು, ತೋಟಕ್ಕೆ ಸೊಪ್ಪು, ತರಗೆಲೆ ತರುವವರು, ಇಂಥವರಿಗೇ ಅದು ಬರುವುದು ಹೆಚ್ಚು. ಆ ಬೇಸಗೆಯಲ್ಲಿ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ರೋಗ ಬಹಳ ಹಾನಿ ಮಾಡಿತು. ಮಿತ್ರರ ತಂದೆ ಜ್ವರ ಹಿಡಿದ ಒಂಬತ್ತನೆಯ ದಿನ ತೀರಿಕೊಂಡರು. ಹುಡುಗನನ್ನು ಸೋದರಮಾವ ಕರೆತಂದು ನಮ್ಮ ಹಿರಿಯ ಗುರುಗಳ ಪಾದಕ್ಕೆ ಒಪ್ಪಿಸಿ ಹೋದರು. ಮೊದಲ ಕೆಲವು ತಿಂಗಳು ಆತ ಯಾರೊಡನೆಯೂ ಮಾತನಾಡುತ್ತಿರಲಿಲ್ಲವೆಂಬುದು ನಮಗೆ ನೆನಪಿದೆ. ಓದು ಮುಗಿಸಿ ತಾಯಿಯಿದ್ದಲ್ಲಿಗೆ ಮರಳಿ, ಅಡಕೆ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆದು, ಕ್ರಮೇಣ ಗೊಬ್ಬರ, ಮೈಲುತುತ್ತು, ಸಿಂಪರಣೆಯ ಪಂಪು ಇವನ್ನು ಮಾರುವ ತಮ್ಮದೇ ಅಂಗಡಿಯನ್ನು ಮಾಡಿಕೊಂಡರು.

ಪ್ರಸಾದವಾದ ಮೇಲೆ ಜಗಲಿಯಲ್ಲಿ ಕುಳಿತೆವು. ಅಂಗಳದಲ್ಲಿ ವರ್ಷದ ಮೊದಲ ಕೊಯ್ಲಿನ ಅಡಕೆ ಹರಡಿತ್ತು. ಮಿತ್ರರ ತಾಯಿ, ಎಂಬತ್ತು ದಾಟಿದವರು, ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದರು. ಔಷಧದ ಫಂಡಿನಿಂದ ಹಣ ತೆಗೆಸಿದ ಕಾರಣವನ್ನು ಹುಡುಗನಿಗೆ ತಿಳಿಸಬೇಕಾಗಿತ್ತು. ನಡೆದದ್ದನ್ನು ನಡೆದಂತೆಯೇ ಹೇಳಿದೆವು. ಹುಡುಗ ತಲೆ ತಗ್ಗಿಸಿ ಕೇಳಿದ. ಷೇರು, ಫಂಡು ಎಂದರೇನೆಂದು ಅರಿಯದ ಆ ತಾಯಿ ಮೊಮ್ಮಗನನ್ನು, "ಜ್ವರ ಹೆಚ್ಚಾದ್ರೆ ದುಡ್ಡೂ ಹೆಚ್ಚಾಗುತ್ತಾ ಮಗಾ?" ಎಂದು ಕೇಳಿದರು. ಆಕೆ ಗದರಿಸಿ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದು ಕೇಳಿದ್ದು. ಹುಡುಗ "ಹೌದಜ್ಜಿ, ಹೆಚ್ಚುಕಡಿಮೆ ಹಾಗೇ" ಎಂದ. ಆಕೆ ಮತ್ತೇನೂ ಅನ್ನಲಿಲ್ಲ.

ನಮ್ಮ ಪಶ್ಚಾತ್ತಾಪವನ್ನು ಮಿತ್ರರು ಮೆಚ್ಚುತ್ತಾರೆಂದು ನಾವು ಭಾವಿಸಿದ್ದೆವು. ಅವರು ಮೆಚ್ಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ತಿಳಿಯಬಾರದು ಬುದ್ಧಿ. ನನಗೆ ಬೇರೆ ಯೋಚನೆ ಬರುತ್ತದೆ. ನಮ್ಮಪ್ಪನ ಜ್ವರದಿಂದ ಯಾರಿಗಾದರೂ ನಾಲ್ಕು ಕಾಸು ಹುಟ್ಟುವ ಹಾಗಿದ್ದಿದ್ದರೆ ಆ ಹೊತ್ತಿಗೆ ಮದ್ದೂ ಹುಟ್ಟಿರುತ್ತಿತ್ತೋ ಏನೋ. ಸೌದೆ ಹೊರುವವರ ಜ್ವರ ಯಾರಿಗೆ ಬೇಕು? ಅದರ ಮೇಲೆ ಯಾರೂ ದುಡ್ಡು ಹಾಕಲಿಲ್ಲ. ಅದಕ್ಕೇ ಇವತ್ತಿಗೂ ಹಾಗೇ ಇದೆ" ಎಂದರು.

ಈ ಮಾತಿಗೆ ನಮ್ಮ ಬಳಿ ಆಗ ಉತ್ತರವಿರಲಿಲ್ಲ. ಮಠಕ್ಕೆ ಮರಳಿದ ಮೇಲೆ ಎರಡು ರೋಗಗಳ ಕಥೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆವು. ಕೊರೋನಾ ಸಾಂಕ್ರಾಮಿಕವೆಂದು ಘೋಷಿತವಾದ ಒಂದು ವರ್ಷದೊಳಗೆ, 2021ರ ಜನವರಿ 16ರಂದು, ನಮ್ಮ ದೇಶದಲ್ಲಿ ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ಮಂಗನ ಕಾಯಿಲೆಗೆ ಲಸಿಕೆ ಹಳ್ಳಿಗಳ ಜನಕ್ಕೆ ವ್ಯಾಪಕವಾಗಿ ಸಿಗಲು ರೋಗ ಪತ್ತೆಯಾದ ಬಳಿಕ ಮೂರು ದಶಕಗಳೇ ಬೇಕಾದವು. ಅದನ್ನು ಬೆಂಗಳೂರಿನಲ್ಲಿ ತಯಾರಿಸುತ್ತಿದ್ದದ್ದು ರಾಜ್ಯ ಸರ್ಕಾರದ ಪಶುವೈದ್ಯ ಸಂಬಂಧದ ಸಂಸ್ಥೆ. ಯಾವ ದೊಡ್ಡ ಔಷಧ ಕಂಪನಿಯೂ ಅಲ್ಲ. ಆ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ಹಾಕುವುದನ್ನೇ ನಿಲ್ಲಿಸಿದರು. ಇದಕ್ಕೆ ಮೊದಲು, 2019ರ ಆರಂಭದಲ್ಲಿ, ಸಾಗರ ತಾಲೂಕಿನ ಅರಳಗೋಡು ಸುತ್ತಿನಲ್ಲಿ ಅದೇ ರೋಗ ಹಲವರನ್ನು ಬಲಿ ತೆಗೆದುಕೊಂಡಿತ್ತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಸೇರಿ ಹೊಸ ಲಸಿಕೆಯ ಕೆಲಸದಲ್ಲಿ ತೊಡಗಿದೆ. ಆ ಸಂಸ್ಥೆ ಕೂಡ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಗೆ ಸೇರಿದ್ದು. ಕಾಡಂಚಿನ ಬಡವರ ರೋಗಕ್ಕೆ ಕಡೆಗೂ ಆಸರೆಯಾದದ್ದು ದನ ಎಮ್ಮೆಗಳ ಔಷಧಕ್ಕಾಗಿ ಹುಟ್ಟಿದ ಸಂಸ್ಥೆಗಳೇ ಎಂಬುದನ್ನು ಭಕ್ತರು ಗಮನಿಸಬೇಕು.

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಆಫ್ರಿಕಾದ ಎಬೋಲಾ ರೋಗ ಗೊತ್ತಾದದ್ದು 1976ರಲ್ಲಿ. ಕೆನಡಾ ಸರ್ಕಾರದ ಪ್ರಯೋಗಾಲಯದಲ್ಲಿ ಸಿದ್ಧವಾದ ಲಸಿಕೆಯೊಂದು ಮಂಗಗಳನ್ನು ಆ ರೋಗದಿಂದ ಕಾಪಾಡಿತೆಂದು 2005ರಲ್ಲೇ ಪ್ರಕಟವಾಗಿತ್ತು. ಕೊಳ್ಳುವ ಶಕ್ತಿಯುಳ್ಳ ರೋಗಿಗಳಿಲ್ಲದ ಕಾರಣ ಅದು ಹಲವು ವರ್ಷ ಹಾಗೆಯೇ ಬಿದ್ದಿತ್ತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ರೋಗ ಹಬ್ಬಿ ಸಾವಿರಾರು ಜನ ಸತ್ತ ಮೇಲೆಯೇ ಅದಕ್ಕೆ ಹಣ ಹರಿದು ಬಂದದ್ದು. ಅದೇ ವರ್ಷ ಅಮೆರಿಕದ ಷೇರುಪೇಟೆಯಲ್ಲಿ, ರೋಗ ತಗುಲದಂತೆ ವೈದ್ಯರು ತೊಡುವ ಉಡುಪನ್ನು ಮಾಡುವ ಸಣ್ಣ ಕಂಪನಿಯೊಂದರ ಷೇರಿಗೆ ಎಲ್ಲಿಲ್ಲದ ಬೆಲೆ ಬಂದಿತು. ಲಾಭದ ಆಸೆ ಮದ್ದನ್ನು ಹುಟ್ಟಿಸಬಲ್ಲದು ಎಂಬ ಮಿತ್ರರ ಮಾತು ಸುಳ್ಳಲ್ಲ. ಆದರೆ ಆ ಆಸೆ ಬಡವನ ರೋಗವನ್ನು ಕಾಣದು, ಕಂಡರೂ ಬಹಳ ತಡವಾಗಿ ಕಾಣುವುದು ಎಂಬುದೂ ಅಷ್ಟೇ ನಿಜ.

ಹಾಗಾದರೆ ರೋಗದಿಂದ ಬರುವ ಸಂಪಾದನೆಯೆಲ್ಲವೂ ದೋಷವೇ? ಹಾಗೆನ್ನಲಾಗದು. ವೈದ್ಯನ ಅನ್ನ ರೋಗಿಯಿಂದಲೇ ಹುಟ್ಟಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ಚಿಕಿತ್ಸೆಯೇ ಅವರ ಕಾಯಕ. ಅದನ್ನು ಯಾರೂ ಹೀನವೆಂದು ಎಣಿಸಲಿಲ್ಲ. ವೈದ್ಯ ರೋಗವನ್ನು ಮುಗಿಸುವುದಕ್ಕಾಗಿ ದುಡಿಯುತ್ತಾನೆ. ಅವನ ಶ್ರಮವೂ ರೋಗಿಯ ಹಿತವೂ ಒಂದೇ ದಿಕ್ಕಿಗೆ ನಡೆಯುತ್ತವೆ. ಹಣ ಹೂಡಿದವನ ಮನಸ್ಸು ಯಾವ ದಿಕ್ಕಿಗೆ ನಡೆಯುತ್ತದೆ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇದಕ್ಕೆ ಬೆಳಕು ದೊರೆತದ್ದು ಗ್ರಂಥಗಳಿಂದಲ್ಲ, ಆ ರಾತ್ರಿ ಅದೇ ಜಗಲಿಯಲ್ಲಿ ಮಿತ್ರರು ತಮ್ಮ ಅಂಗಡಿಯ ಬಗ್ಗೆ ಆಡಿದ ಮಾತುಗಳಿಂದ. ಅಡಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರಲ್ಲಿ ಆ ರೋಗದ ಮೇಲೆ ಅಧ್ಯಯನವೊಂದನ್ನು ಪ್ರಕಟಿಸಿದರು. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಮಳೆಯ ನಡುವೆ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸುವುದು ಇಂದಿಗೂ ನಡೆದುಬಂದಿರುವ ಕ್ರಮ. ಮಿತ್ರರು ಹೇಳಿದರು: "ನಾನು ಮೇ ತಿಂಗಳಲ್ಲೇ ಸಾಲ ಮಾಡಿ ಮೈಲುತುತ್ತು ತಂದು ತುಂಬುತ್ತೇನೆ. ಕೊಳೆ ಬರುತ್ತದೆ ಅಂತ ಗೊತ್ತಿದ್ದೇ ತರುವುದು. ಅದರಲ್ಲಿ ನನಗೆ ಲಾಭವೂ ಇದೆ. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಾನು ತರದಿದ್ದರೆ ಜನ ಉಜಿರೆಗೋ ಬೆಳ್ತಂಗಡಿಗೋ ಓಡಬೇಕು. ಆದರೆ ಆಟಿಯಲ್ಲಿ ಮಳೆ ಬಿಡದೆ ಹೊಯ್ದು, ಎರಡನೆಯ ಸಲ ಬಿಡುವುದಕ್ಕೆ ಜನ ಹುಡುಕಿಕೊಂಡು ಬಂದಾಗ ಮೂಟೆಗಳನ್ನು ಒಳಗಿಟ್ಟು ಇಲ್ಲ ಅಂದರೆ, ಅದು ಪಾಪ. ಇನ್ನೊಂದು ಉಂಟು ಬುದ್ಧಿ. ಚಾಲಿ ಅಡಕೆ ಕೂಡಿಟ್ಟುಕೊಂಡವರು ಕೆಲವರಿರುತ್ತಾರೆ. ಆಚೆ ಊರಿನ ತೋಟಗಳಿಗೆ ಕೊಳೆ ಬಂದರೆ ಇವರಿಗೆ ದರ. ಅವರು ಮೋಸ ಮಾಡುವವರಲ್ಲ, ಒಳ್ಳೆಯ ಜನವೇ. ಆದರೂ ಮಳೆ ಜೋರಾದರೆ ಅವರ ಮುಖ ನೋಡಬೇಕು."

ಈ ಮೂವರನ್ನು ಕೊರೋನಾ ಕಾಲದಲ್ಲಿ ನಾವೆಲ್ಲ ಕಂಡಿದ್ದೇವೆ. ಮೂಟೆಯನ್ನು ಒಳಗಿಟ್ಟವರನ್ನು ಎಲ್ಲರೂ ಗುರುತಿಸಿದರು. ಮುಖಗವಸಿನ ಬೆಲೆ ಕೈಮೀರಿದಾಗ ಕೇಂದ್ರ ಸರ್ಕಾರವು 2020ರ ಮಾರ್ಚಿನಲ್ಲಿ ಮೂರು ಪದರದ ಗವಸಿಗೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಮರುವರ್ಷ ರೆಮ್‌ಡೆಸಿವಿರ್ ಚುಚ್ಚುಮದ್ದು ಕಾಳಸಂತೆಗೆ ಹೋಯಿತು. ಪೊಲೀಸರು ಹಲವರನ್ನು ಬಂಧಿಸಿದರು. ಮೊದಲೇ ತಂದಿಟ್ಟು ನ್ಯಾಯವಾಗಿ ಮಾರಿದವರಿಗೆ ಜನ ಕೃತಜ್ಞರಾದರು. ಆದರೆ ಮೂರನೆಯವನು, ಎಂದರೆ ಅಡಕೆಯನ್ನು ಕೂಡಿಟ್ಟುಕೊಂಡು ಮಳೆಯನ್ನು ನೋಡುತ್ತ ಕುಳಿತವನು, ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಮೇಲೆ ಯಾವ ಕಾನೂನಿನ ಆರೋಪವೂ ಇಲ್ಲ. ಅವನು ಯಾರ ಮದ್ದನ್ನೂ ಕಿತ್ತುಕೊಂಡಿಲ್ಲ. ನಾವು ಇದ್ದದ್ದು ಆ ಮೂರನೆಯವನ ಸ್ಥಾನದಲ್ಲಿ.

ನಾವು ಮೂರನೆಯವರಲ್ಲ, ಮೊದಲನೆಯವರು ಎಂದು ನಮ್ಮ ಮನಸ್ಸು ಇನ್ನೂ ವಾದಿಸುತ್ತಲೇ ಇತ್ತು. ನಮ್ಮ ಹಣ ಔಷಧ ತಯಾರಿಕೆಗೆ ಹೋಗಿತ್ತಲ್ಲವೇ? ಆಗ ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗ ಬಾಯಿ ತೆರೆದ. "ಇಲ್ಲ ಬುದ್ಧಿ. ಇದನ್ನು ನಾನು ಆಗಲೇ ಹೇಳಬೇಕಾಗಿತ್ತು. ಪೇಟೆಯಲ್ಲಿ ಷೇರು ಕೊಂಡರೆ ಆ ಹಣ ಕಂಪನಿಗೆ ಹೋಗುವುದಿಲ್ಲ, ಮೊದಲು ಆ ಷೇರು ಇಟ್ಟುಕೊಂಡಿದ್ದವನಿಗೆ ಹೋಗುತ್ತದೆ. ಕಂಪನಿ ಹೊಸದಾಗಿ ಷೇರು ಹೊರಡಿಸಿದಾಗ ಕೊಂಡರೆ ಮಾತ್ರ ಕಂಪನಿಯ ಕೈಗೆ ಹಣ ಸೇರುತ್ತದೆ. ನಮ್ಮ ಫಂಡು ಹೆಚ್ಚಾಗಿ ಕೊಂಡದ್ದು ಪೇಟೆಯಿಂದ. ನಮ್ಮ ಹಣದಿಂದ ಒಂದು ಗುಳಿಗೆಯೂ ಹೆಚ್ಚಾಗಿ ತಯಾರಾಗಿರಲಿಕ್ಕಿಲ್ಲ" ಎಂದ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಾಠ ಕೇಳಿದ್ದ ನಮಗೆ ಇದು ಹೊಸ ವಿಷಯವೇನೂ ಅಲ್ಲ. ಬೇಕೆಂದೇ ಮರೆತಿದ್ದೆವು. ಮನಸ್ಸು ಲಾಭದ ಕಡೆ ವಾಲಿದಾಗ ಓದಿದ ಶಾಸ್ತ್ರವೂ ಅದರ ಸೇವೆಗೆ ನಿಲ್ಲುತ್ತದೆ.

ರೋಗ ಹರಡದಿದ್ದರೆ ಲಾಭ, ಹರಡಿದರೆ ನಷ್ಟ ಎಂಬಂಥ ಹೂಡಿಕೆಯಿದ್ದರೆ ಈ ದೋಷ ತಪ್ಪೀತು ಎಂದು ಯಾರಿಗಾದರೂ ತೋರಬಹುದು. ಅಂಥದೂ ನಡೆದಿದೆ. ವಿಶ್ವ ಬ್ಯಾಂಕು 2017ರಲ್ಲಿ ಸಾಂಕ್ರಾಮಿಕ ರೋಗದ ಸಾಲಪತ್ರಗಳನ್ನು ಹೊರಡಿಸಿತು. ಕೊಂಡವರಿಗೆ ಒಳ್ಳೆಯ ಬಡ್ಡಿ; ರೋಗ ಹಬ್ಬಿದರೆ ಅವರ ಅಸಲು ಬಡದೇಶಗಳ ನೆರವಿಗೆ ಹೋಗಬೇಕು. ಆದರೆ ಎಷ್ಟು ಜನ ಸಾಯಬೇಕು, ಎಷ್ಟು ದೇಶಗಳಿಗೆ ಹರಡಬೇಕು ಎಂಬ ಷರತ್ತುಗಳು ಹೇಗಿದ್ದವೆಂದರೆ, 2018ರಿಂದ 2020ರವರೆಗೆ ಕಾಂಗೋ ದೇಶದಲ್ಲಿ ಎಬೋಲಾ ರೋಗದಿಂದ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರೂ, ನೆರೆಯ ದೇಶಗಳಲ್ಲಿ ಸಾವಿನ ಲೆಕ್ಕ ಸಾಲದೆಂದು ಆ ಪತ್ರಗಳಿಂದ ಹಣ ಬರಲಿಲ್ಲ. ಕೊರೋನಾಕ್ಕೆ ಹಣ ಬಂದದ್ದು 2020ರ ಏಪ್ರಿಲಿನಲ್ಲಿ, ರೋಗ ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ. ಲೆಕ್ಕವನ್ನು ತಲೆಕೆಳಗು ಮಾಡಿದ ಮಾತ್ರಕ್ಕೆ ಸತ್ತವರನ್ನು ಲಾಭನಷ್ಟದ ಕಣ್ಣಿನಿಂದ ಎಣಿಸುವುದು ತಪ್ಪುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಭಕ್ತರಿಗೆಲ್ಲ ಗೊತ್ತಿರುವುದೇ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಮರಳಿ ಅದೇ ಅಂಗಳದಲ್ಲಿ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಕದ್ದಿರಲಿಲ್ಲ, ಬಿದ್ದದ್ದನ್ನೇ ಆಯ್ದಿದ್ದರು. ಆದರೂ ಆ ಹೆಚ್ಚಿನ ಹಿಡಿ ಅಕ್ಕಿ ತಮ್ಮ ಕಾಯಕದ ಫಲವಲ್ಲವೆಂದು ಆ ತಾಯಿ ಕಂಡರು. ಬಾಲ್ಯದಿಂದ ನೂರಾರು ಸಲ ಕೇಳಿ, ಹೇಳಿದ ಕಥೆ. ಮುಂಡಾಜೆಯ ಆ ಜಗಲಿಯಲ್ಲಿ ಅದು ನೆನಪಾದಾಗ ಮಾತ್ರ ಒಂದು ತೊಡಕು ಎದುರಾಯಿತು. ಲಕ್ಕಮ್ಮನವರಿಗೆ ಅಕ್ಕಿಯನ್ನು ಮರಳಿ ಸುರಿಯಲು ಒಂದು ಅಂಗಳವಿತ್ತು. ನಾವು ಯಾರ ಅಂಗಳದಲ್ಲಿ ಸುರಿಯಬೇಕು? ಈ ಲಾಭ ಯಾವ ರೋಗಿಯ ಮನೆಯಿಂದ ಬಂದದ್ದೆಂದು ಹೇಳಲು ಸಾಧ್ಯವಿಲ್ಲ. ಕಂಪನಿಗೆ ಮರಳಿಸುವಂತಿಲ್ಲ.

ನಮ್ಮ ತೊಡಕನ್ನು ಬಿಡಿಸಿದವರು ಮಿತ್ರರೇ. "ನನ್ನನ್ನು ಜ್ವರ ಅಲ್ಲಿಗೆ ಕಳಿಸಿತು, ಮಠ ಅನ್ನ ಹಾಕಿತು. ಈ ಸಲದ ಜ್ವರವೂ ಎಷ್ಟೋ ಮಕ್ಕಳನ್ನು ಹಾಗೆ ಮಾಡಿರಬೇಕಲ್ಲ ಬುದ್ಧಿ" ಎಂದಷ್ಟೇ ಹೇಳಿದರು. ಮರುತಿಂಗಳು ಸಮಿತಿಯ ಸಭೆಯಲ್ಲಿ ನಿರ್ಣಯವಾಯಿತು. ಪ್ರತ್ಯೇಕವಾಗಿಟ್ಟ ಆ ಹಣದಲ್ಲಿ, 2020 ಮತ್ತು 2021ರಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳಿಗೆ, ಜಾತಿ ಮತವನ್ನು ಕೇಳದೆ, ಅವರ ಓದು ಮುಗಿಯುವವರೆಗೆ ನಿಲಯದಲ್ಲಿ ಊಟ ವಸತಿ ನಡೆಸಬೇಕು; ಆ ಹಣದ ಒಂದು ರೂಪಾಯಿಯೂ ಮಠದ ಕಟ್ಟಡಕ್ಕಾಗಲಿ ಉತ್ಸವಕ್ಕಾಗಲಿ ಹೋಗಬಾರದು. ಸಮಿತಿಯ ಹಿರಿಯರೊಬ್ಬರು ಇದನ್ನೆಲ್ಲ ವಿರೋಧಿಸಿದರು. "ಕಾನೂನಿಗೆ ಒಪ್ಪುವ ಹೂಡಿಕೆಯನ್ನು ತಮ್ಮ ಮನಸ್ಸಿನ ಕಸಿವಿಸಿಗಾಗಿ ಬಿಡಿಸುವುದು ಸರಿಯೇ? ನಷ್ಟ ಮಕ್ಕಳಿಗಲ್ಲವೇ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಬ್ಯಾಂಕಿನ ಬಡ್ಡಿ ಸಾಲದೆ ನಿಲಯದ ಹಳೆಯ ಕಟ್ಟಡದ ಛಾವಣಿಯ ರಿಪೇರಿಯನ್ನು ಎರಡು ವರ್ಷ ಮುಂದೂಡಬೇಕಾಯಿತು. ಮಳೆಗಾಲದಲ್ಲಿ ಸೋರುವ ಕಡೆ ಪಾತ್ರೆ ಇಟ್ಟು ಮಕ್ಕಳು ಓದಿದರು. ಅದನ್ನು ಕಂಡಾಗಲೆಲ್ಲ ನಮ್ಮ ನಿರ್ಧಾರದ ಬೆಲೆಯನ್ನು ತೆತ್ತವರು ನಾವಲ್ಲ, ಆ ಮಕ್ಕಳು ಎಂಬುದು ನಮಗೆ ತಿಳಿಯುತ್ತಿತ್ತು. ಆದರೂ ನಿರ್ಧಾರ ಬದಲಿಸಲಿಲ್ಲ.

ಈಗ ಪತ್ರ ಬರೆದ ಹಳೆಯ ವಿದ್ಯಾರ್ಥಿಗೆ ನಮ್ಮ ಉತ್ತರ. ಲಸಿಕೆ, ಔಷಧ ತಯಾರಿಸುವ ಕಂಪನಿಗೆ ಹಣ ಕೊಡುವುದು ತಾನಾಗಿ ಪಾಪವಲ್ಲ. ರೋಗ ಬರುವ ಮೊದಲೇ, ಮೇ ತಿಂಗಳಲ್ಲಿ ಮೈಲುತುತ್ತು ತಂದಿಡುವವರಂತೆ, ನಿಮ್ಮ ಹಣ ನಿಜವಾಗಿಯೂ ಮದ್ದಿನ ತಯಾರಿಕೆಗೆ ಸೇರುವುದಾದರೆ, ಮತ್ತು ಬಂದ ಲಾಭ ನ್ಯಾಯವಾದ ಬೆಲೆಯಿಂದ ಬಂದದ್ದಾದರೆ, ಅದು ಕಾಯಕಕ್ಕೆ ಹತ್ತಿರವಾದದ್ದು. ಸಂಕೋಚಪಡಬೇಕಾಗಿಲ್ಲ. ಪೇಟೆಯಲ್ಲಿ ಷೇರನ್ನು ಕೊಂಡು ರೋಗಕ್ಕಾಗಿ ಕಾಯುವುದು ಬೇರೆ ಮಾತು. ಅದರಿಂದ ಲೋಕಕ್ಕೆ ತಕ್ಷಣದ ಕೇಡಿಲ್ಲದಿರಬಹುದು, ಕಾನೂನಿನ ಅಡ್ಡಿಯೂ ಇಲ್ಲದಿರಬಹುದು. ಆದರೆ ಮನುಷ್ಯನು ಯಾವುದಕ್ಕಾಗಿ ಕಾಯುತ್ತಾನೋ ಅದನ್ನು ಬಯಸಲು ಕಲಿಯುತ್ತಾನೆ. ನಲವತ್ತು ವರ್ಷಗಳ ಪೂಜೆ, ಅಧ್ಯಯನ ಇದ್ದ ನಮ್ಮ ಮನಸ್ಸೇ ಒಂದು ವರ್ಷದಲ್ಲಿ ಅದನ್ನು ಕಲಿಯಿತು. ನೀವು ನಮಗಿಂತ ದೃಢಚಿತ್ತರಾಗಿರಬಹುದು. ಆದರೂ ಹಣ ಹಾಕುವ ಮುನ್ನ ಒಂದು ಸಲ, ಜ್ವರದಿಂದ ಮಲಗಿದವರ ಮನೆಯ ಜಗಲಿಯಲ್ಲಿ ಕುಳಿತು ಈ ಲಾಭದ ವಿಷಯವನ್ನು ಆ ಮನೆಯವರಿಗೆ ಬಿಡಿಸಿ ಹೇಳಬಲ್ಲಿರಾ ಎಂದು ಕೇಳಿಕೊಳ್ಳಿ. ಹೇಳಬಲ್ಲೆನೆಂದು ಮನಸ್ಸು ಒಪ್ಪಿದರೆ ಹಾಕಿ.

ಇನ್ನೊಂದು ಮಾತು. ಲಾಭವಿಲ್ಲದ ಕಡೆಗೂ ಸ್ವಲ್ಪ ಹಣ ಹೋಗಲಿ. ಮಂಗನ ಕಾಯಿಲೆಯಂಥ ರೋಗಗಳಿಗೆ ಷೇರುಪೇಟೆಯಲ್ಲಿ ಬೆಲೆಯಿಲ್ಲ. ಅವುಗಳ ಮೇಲೆ ಹಣ ಹಾಕಬೇಕಾದವರು ಸರ್ಕಾರ, ಸಂಘಸಂಸ್ಥೆಗಳು, ಮಠಗಳು, ನಿಮ್ಮಂಥ ಗೃಹಸ್ಥರು. ದಾಸೋಹವೆಂದರೆ ಕೇವಲ ಅನ್ನದಾನವೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಮರಳಿ ಬಾರದೆಂದು ತಿಳಿದೂ ಬಡವನ ಮದ್ದಿಗೆ ಹಾಕಿದ ಹಣವೂ ದಾಸೋಹವೇ.

ಮುಂಡಾಜೆಯಿಂದ ಹೊರಡುವ ಬೆಳಗ್ಗೆ ಮಿತ್ರರ ತಾಯಿ ನಮಸ್ಕರಿಸಲು ಬಂದರು. ಕೈಯಲ್ಲಿ ಹತ್ತು ರೂಪಾಯಿಯ ಒಂದು ಸಣ್ಣ ಕಟ್ಟು. ಪ್ರತಿ ವರ್ಷ ತಮ್ಮ ಪತಿಯ ನೆನಪಿಗೆ ನಿಲಯದ ಮಕ್ಕಳಿಗೆಂದು ಕಳಿಸುತ್ತಿದ್ದ ಕಾಣಿಕೆ ಅದು; ರೋಗದ ದೆಸೆಯಿಂದ ಎರಡು ವರ್ಷ ಕಳಿಸಲಾಗಿರಲಿಲ್ಲ. "ಇದು ಅಡಕೆ ಸುಲಿದ ದುಡ್ಡು ಬುದ್ಧಿ" ಎಂದರು. ನಾವು ಎರಡೂ ಕೈಯಿಂದ ತೆಗೆದುಕೊಂಡೆವು.

ಸದ್ಭಕ್ತರೆಲ್ಲರಿಗೂ ಆರೋಗ್ಯವಿರಲಿ, ಗಳಿಕೆಯಲ್ಲಿ ಶುದ್ಧಿಯಿರಲಿ ಎಂದು ಹಾರೈಸುತ್ತೇವೆ.